ನೀರಿನೊಳಗೆ ಮಗುಚಿದ ಅಲೆ

ಉಪ್ಪುನೀರು, ಸಿಹಿನೀರು ಹೇಗೆ ಬೆರೆಯುತ್ತವೆ ಅಂತ ಅಳೆಯಲು ತದಡಿಯಲ್ಲಿ ದೋಣಿ ಹತ್ತಿದ್ದು ಮಳೆಗಾಲದ ಕೊನೆಯಲ್ಲಿ. ಅಘನಾಶಿನಿ ಅಳಿವೆಯಲ್ಲಿ ಆಗ ಹೊಳೆಯ ನೀರು ಮೇಲೆ, ಕಡಲಿನ ನೀರು ಕೆಳಗೆ. ಇವೆರಡರ ಭಾರದಲ್ಲಿ ಹೆಚ್ಚೆಂದರೆ ಶೇಕಡಾ 2ರಿಂದ 3ರಷ್ಟು ವ್ಯತ್ಯಾಸ. ಬೇರೆ ಬೇರೆ ನಿಲ್ಲಲು ಅಷ್ಟೇ ಸಾಕು.

ಮೊದಲ ದಿನ ಸಿಟಿಡಿಯನ್ನು (ನೀರಿನ ವಾಹಕತೆ, ತಾಪಮಾನ, ಆಳ ಅಳೆಯುವ ಉಪಕರಣ) ಸರ್ರನೆ ಇಳಿಸಿಬಿಟ್ಟೆ. ಗ್ರಾಫಿನಲ್ಲಿ ಭಾರದ ನೀರು ಹಗುರ ನೀರಿನ ಮೇಲೆ ಕೂತಿತ್ತು! ಎರಡು ನೀರಿನ ನಡುವೆ ಏಳುವ ಅಲೆ ಮಗುಚಿದ್ದು ಸಿಕ್ಕೇಬಿಟ್ಟಿತು ಅಂತ ಖುಷಿಯೋ ಖುಷಿ. ರಾತ್ರಿ ಕೂತು ನೋಡಿದರೆ ಅದು ಸುಳ್ಳು. ಉಪ್ಪಿನ ಲೆಕ್ಕ ಸಿಗುವುದು ವಾಹಕತೆ (ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದು), ತಾಪಮಾನ ಎರಡನ್ನೂ ಸೇರಿಸಿದಾಗ. ವಾಹಕತೆಯ ಸೆನ್ಸರ್ ಚುರುಕು, ತಾಪಮಾನದ್ದು ಸ್ವಲ್ಪ ನಿಧಾನ. ಒಂದು ಆಳದ ವಾಹಕತೆಗೆ ಇನ್ನೊಂದು ಆಳದ ತಾಪಮಾನ ಸೇರಿ, ಇಲ್ಲದ ಉಪ್ಪು ಲೆಕ್ಕದಲ್ಲಿ ಹುಟ್ಟಿತ್ತು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಹಗ್ಗ ನಿಧಾನ ಬಿಡಿ.

ಮರುದಿನ ಲಂಗರು ಹಾಕಿ ಒಂದೇ ಕಡೆ ಕೂತೆವು. ಇಳಿತ ಜೋರಾಗುತ್ತಿದ್ದಂತೆ ದೋಣಿಯವರು ಕೈ ತೋರಿಸಿದರು. "ಅಕ್ಕೋರೇ, ಅಲ್ಲಿ ನೀರು ಪಟ್ಟೆಪಟ್ಟೆ ಆಗದೆ ನೋಡಿ." ನಯವಾದ ಒಂದು ಪಟ್ಟೆ, ಸಣ್ಣ ತೆರೆಯ ಒಂದು ಪಟ್ಟೆ. ಗಾಳಿಯೇ ಇರಲಿಲ್ಲ. ಶಬ್ದದ ಪ್ರತಿಧ್ವನಿಯಿಂದ ನೀರಿನೊಳಗನ್ನು ತೋರಿಸುವ ಎಕೋ ಸೌಂಡರ್ ಪರದೆಯಲ್ಲಿ ಎರಡು ನೀರಿನ ನಡುವಿನ ಗೆರೆ ಮೇಲೆ ಕೆಳಗೆ ತೂಗುತ್ತಿತ್ತು. ಒಳ ಅಲೆ!

ಇದು ತುಂಬಾ ನಿಧಾನದ ಅಲೆ. ಎರಡೂ ಪದರ 2 ಮೀಟರ್ ದಪ್ಪ, ಭಾರದ ವ್ಯತ್ಯಾಸ ಶೇಕಡಾ 2 ಅಂತಿಟ್ಟುಕೊಳ್ಳಿ. ಅಲೆ ಸೆಕೆಂಡಿಗೆ ಅರ್ಧ ಮೀಟರ್ ಕೂಡ ಹೋಗುವುದಿಲ್ಲ, ನಮ್ಮ ನಡಿಗೆಯೇ ಅದಕ್ಕಿಂತ ಜಾಸ್ತಿ. ತಳದಲ್ಲಿ ಮರಳಿನ ದಿಬ್ಬ ಇರುವಲ್ಲಿ ಇಳಿತದ ಸೆಳೆತ ಅಲೆಯ ವೇಗಕ್ಕೆ ಸಮವಾಗುತ್ತದೆ. ಆಗ ಅಲೆ ಎದುರು ಈಜಲಾರದೆ ಅಲ್ಲೇ ನಿಂತು ಎತ್ತರ ಬೆಳೆಯುತ್ತದೆ. ಮೇಲಿನ ನೀರು ಓಡುತ್ತದೆ, ಕೆಳಗಿನದು ಹಿಂದುಳಿಯುತ್ತದೆ. ಆ ಎಳೆದಾಟ ಭಾರದ ವ್ಯತ್ಯಾಸವನ್ನು ಮೀರಿತೋ, ಗೆರೆ ಸುರುಳಿ ಸುತ್ತಿಕೊಂಡು ಮಗುಚುತ್ತದೆ. ಬೆರೆಯುವುದು ಅಲ್ಲೇ. ಮೇಲಿನ ಆಮ್ಲಜನಕ ಕೆಳಗಿಳಿಯುವುದೂ, ತಳದ ಪೋಷಕಾಂಶ ಮೇಲೇರುವುದೂ ಹೀಗೆ.

ಪರದೆಯ ಗೆರೆ ಹರಿದು ಮಸುಕಾದಾಗ ಸಿಟಿಡಿ ಮತ್ತೆ ಇಳಿಸಿದೆ, ಈ ಸಲ ಗೇಣುಗೇಣಾಗಿ. ಬೆಳಿಗ್ಗೆ ಮೆಟ್ಟಿಲಿನ ಹಾಗೆ ಇದ್ದ ಉಪ್ಪಿನ ಗ್ರಾಫ್ ಈಗ ಇಳಿಜಾರಾಗಿತ್ತು.