ಫೋನ್ ರಿವ್ಯೂ ಮಾಡ್ಬೇಕು ಅಂದ್ರೆ ಮೊದ್ಲು ಮನೆಯಿಂದ ಆಚೆ ಬನ್ನಿ

ನಮ್ಮ ಕಡೆಯವರಲ್ಲಿ ಯಾರಿಗೆ ಹೊಸ ಫೋನ್ ಬೇಕಾದ್ರೂ ಮೊದಲ ಕಾಲ್ ಬರೋದು ನಂಗೆ. ದೊಡ್ಡಪ್ಪನ ಮಗಳಿಂದ ಹಿಡಿದು ಕೆಳಗಡೆ ಮನೇಲಿ ಬಾಡಿಗೆಗಿರೋ ಹುಡುಗನ ತನಕ ಎಲ್ಲರದ್ದೂ ಒಂದೇ ಮಾತು, ಇಪ್ಪತ್ತು ಸಾವಿರದೊಳಗೆ ಒಂದು ಒಳ್ಳೇದು ಹೇಳು. ಮೊದಮೊದಲು ನಾನೂ ಪ್ರೊಸೆಸರ್ ಯಾವ್ದು, ರ‍್ಯಾಮ್ ಎಷ್ಟು, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಪಕ್ಕಪಕ್ಕ ಇಟ್ಟು ನೋಡಿ ಹೇಳ್ತಿದ್ದೆ. ಹಂಗೇ ನೋಡಿ ನಮ್ಮಪ್ಪಂಗೆ ಒಂದು ಕೊಡಿಸಿದೆ, ಯಾವ ಕಂಪನಿ ಅನ್ನೋದು ಬೇಡ ಬಿಡಿ, ಪೇಪರ್ ಮೇಲೆ ಅಪರಂಜಿ. ಮಾರನೇ ದಿನ ಮಟಮಟ ಮಧ್ಯಾಹ್ನ ಅಪ್ಪ ವಿಜಯನಗರದ ಬಸ್ ಸ್ಟಾಪಲ್ಲಿ ನಿಂತ್ಕೊಂಡು, ಎಡಗೈಲಿ ಸ್ಕ್ರೀನಿಗೆ ನೆರಳು ಹಿಡಿದು, ಕನ್ನಡಕ ಹಣೆ ಮೇಲೆ ಏರಿಸಿ, ಕೊನೆಗೆ ಪಕ್ಕದಲ್ಲಿದ್ದ ಕಾಲೇಜು ಹುಡುಗನ ಕೈಗೆ ಕೊಟ್ಟು "ಇದರಲ್ಲಿ ಏನ್ ಮೆಸೇಜ್ ಬಂದಿದೆ ನೋಡಪ್ಪಾ" ಅಂದಿದ್ದಾರೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡೋಕೆ ಮುಂಚೆ ಹೇಳಿದ್ದು, "ನೀನ್ ಕೊಡಿಸಿರೋ ಫೋನ್ ರಾತ್ರಿ ಪಾಳಿ ಕಣೋ, ಹಗಲು ಡ್ಯೂಟಿ ಮಾಡಲ್ಲ."

ಅವತ್ತಿಂದ ನನ್ನ ರಿವ್ಯೂ ಮಾಡೋ ರೀತಿನೇ ಬದಲಾಯ್ತು. ಈಗ ಫೋನ್ ಕೈಗೆ ಬಂದ್ರೆ ಸೋಫಾ ಮೇಲೆ ಕೂತು ಸ್ಪೀಡ್ ಅಳೆಯೋ ಆ್ಯಪಿನ ಸ್ಕೋರ್ ನೋಡಲ್ಲ, ಜೇಬಿಗೆ ಹಾಕ್ಕೊಂಡು ಊರೊಳಗೆ ಹೋಗ್ತೀನಿ. ಹೆಂಗೆ ಏನು ಅಂತ ಸುಮಾರು ಜನ ಕೇಳಿದ್ರು, ಅದಕ್ಕೇ ಬರೀತಿದೀನಿ.

ಡಬ್ಬ ಒಡೆಯೋ ಮುಂಚೆ ಒಂದು ಕೆಲಸ ಮಾಡಿ, ಫೋನ್ ಯಾರಿಗೆ ಅಂತ ಒಂದು ಹಾಳೆ ಮೇಲೆ ಬರ್ಕೊಳ್ಳಿ, ಅವರ ಒಂದು ದಿನ ಹೆಂಗಿರುತ್ತೆ ಅಂತಾನೂ. ಡೆಲಿವರಿ ಹುಡುಗಂಗೆ ಬೇಕಾಗಿರೋದು ಬೇರೆ, ಪಿಯುಸಿ ಓದೋ ಹುಡುಗಿಗೆ ಬೇರೆ, ನಮ್ಮಪ್ಪಂಗೆ ಪೂರ್ತಿ ಬೇರೆ. ಆಮೇಲೆ ಡಬ್ಬ ಒಡೆಯೋದನ್ನ ನಿಲ್ಲಿಸದೆ ಒಂದೇ ವಿಡಿಯೋ ಮಾಡಿಟ್ಕೊಳ್ಳಿ, ನಾಳೆ ಏನಾದ್ರೂ ಎಡವಟ್ಟಾದ್ರೆ ಬೇಕಾಗುತ್ತೆ. ಫೋನ್ ಆನ್ ಆದ್ಮೇಲೆ *#06# ಒತ್ತಿ, 15 ಅಂಕಿಯ ಐಎಂಇಐ, ಅಂದ್ರೆ ಫೋನಿನ ಗುರುತಿನ ನಂಬರ್ ಬರುತ್ತೆ, ಡಬ್ಬದ ಮೇಲಿರೋದಕ್ಕೂ ಬಿಲ್ಲಲ್ಲಿರೋದಕ್ಕೂ ತಾಳೆ ಆಗ್ಬೇಕು. ಬೆಂಗಳೂರಿನ ಎಸ್‌ಪಿ ರೋಡಲ್ಲೋ ಮೆಜೆಸ್ಟಿಕ್ ಹತ್ರದ ನ್ಯಾಷನಲ್ ಮಾರ್ಕೆಟ್ಟಲ್ಲೋ ಸೆಕೆಂಡ್ ಹ್ಯಾಂಡ್ ತಗೋತಿದ್ರೆ ಇಷ್ಟಕ್ಕೇ ಬಿಡಬೇಡಿ, ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಅಂತ ಟೈಪ್ ಮಾಡಿ, ಒಂದು ಜಾಗ ಬಿಟ್ಟು ಆ 15 ಅಂಕಿ ಹಾಕಿ 14422ಗೆ ಎಸ್ಸೆಮ್ಮೆಸ್ ಕಳಿಸಿ, ಸರ್ಕಾರದ ಸಂಚಾರ್ ಸಾಥಿ ವ್ಯವಸ್ಥೆಯಿಂದ ಆ ನಂಬರ್ ಯಾವ ಮಾಡೆಲ್ಲಿದು, ಬ್ಲಾಕ್ ಆಗಿದೆಯಾ ಇಲ್ವಾ ಅಂತ ಉತ್ತರ ಬರುತ್ತೆ. ಉತ್ತರ ಬರೋ ತನಕ ದುಡ್ಡು ಜೇಬಲ್ಲೇ ಇರ್ಲಿ, ಅಂಗಡಿಯವನು ಎಷ್ಟೇ "ಅಣ್ಣಾ ನಮ್ಮದು ಗ್ಯಾರಂಟಿ ಮಾಲು" ಅಂದ್ರೂನೂ.

ಇನ್ನು ಬಿಸಿಲು. ಜಾಹೀರಾತಲ್ಲಿ 3000 ನಿಟ್ಸ್ ಅಂತ ಸ್ಕ್ರೀನಿನ ಬೆಳಕಿನ ಅಳತೆ ಹಾಕಿರ್ತಾರಲ್ಲ, ಅದು ಸಾಮಾನ್ಯವಾಗಿ ಸ್ಕ್ರೀನಿನ ಒಂದು ಚಿಕ್ಕ ಭಾಗ, ಅದೂ ಎಚ್‌ಡಿಆರ್ ಅನ್ನೋ ಹೆಚ್ಚು ಹೊಳಪಿನ ವಿಡಿಯೋ ಓಡ್ವಾಗ ಕ್ಷಣಮಾತ್ರ ಮುಟ್ಟೋ ಲೆಕ್ಕ, ವಾಟ್ಸಾಪ್ ಓದ್ವಾಗ ಪೂರ್ತಿ ಸ್ಕ್ರೀನ್ ಅಷ್ಟು ಬೆಳಕು ಕೊಡಲ್ಲ. ಹಂಗಾಗಿ ಆಟೋ ಬ್ರೈಟ್‌ನೆಸ್ ಆನ್ ಇಟ್ಕೊಂಡು ಹನ್ನೆರಡರಿಂದ ಎರಡು ಗಂಟೆ ಒಳಗೆ ತಾರಸಿಗೋ ಬಸ್ ಸ್ಟಾಪಿಗೋ ಹೋಗಿ, ಬಿಳಿ ಬಣ್ಣದ ಪೇಜ್ ಒಂದು, ಕಪ್ಪು ಬಣ್ಣದ ಪೇಜ್ ಒಂದು ಓದಿ. ಒಂದು ನಿಮಿಷ ನೋಡಿ ವಾಪಸ್ ಬಂದ್ರೆ ಏನೂ ಗೊತ್ತಾಗಲ್ಲ, ಹದಿನೈದು ನಿಮಿಷ ಮ್ಯಾಪ್ ಹಾಕ್ಕೊಂಡು ಬಿಸಿಲಲ್ಲೇ ನಡೀರಿ, ಯಾಕಂದ್ರೆ ಫೋನ್ ಕಾದಾಗ ತಾನೇ ಬೆಳಕು ಇಳಿಸ್ಕೊಳ್ಳುತ್ತೆ, ಅಸಲಿ ಬಣ್ಣ ಆಚೆ ಬರೋದು ಆವಾಗ. ಪೋಲರೈಜ್ಡ್ ಕೂಲಿಂಗ್ ಗ್ಲಾಸ್ ಹಾಕೋರು ಅದನ್ನ ಹಾಕ್ಕೊಂಡೇ ಫೋನನ್ನ ಅಡ್ಡ ಉದ್ದ ತಿರುಗಿಸಿ ನೋಡಿ, ಕೆಲವು ಸ್ಕ್ರೀನ್ ಒಂದು ಕೋನದಲ್ಲಿ ಕಪ್ಪಗಾಗಿಬಿಡುತ್ತೆ. ಬೈಕ್ ಹ್ಯಾಂಡಲ್ಲಿಗೆ ಫೋನ್ ಸಿಗಿಸೋರಿಗೆ ಇನ್ನೊಂದು ಮಾತು: ಜೋರು ಇಂಜಿನ್ ಬೈಕಿನ ವೈಬ್ರೇಶನ್ ಸದಾ ತಾಗ್ತಿದ್ರೆ ಕ್ಯಾಮೆರಾ ಒಳಗಿನ ಸ್ಟೆಬಿಲೈಸೇಶನ್, ಅಂದ್ರೆ ಕೈ ಅಲುಗಿದ್ರೂ ಫೋಟೋ ಅಲುಗದ ಹಾಗೆ ನೋಡ್ಕೊಳ್ಳೋ ಭಾಗ, ಹಾಳಾಗಬಹುದು ಅಂತ 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಕೆ ಬರೆದಿತ್ತು. ನಮ್ಮ ರೋಡಿನ ಗುಂಡಿಗಳನ್ನ ಅವರಿನ್ನೂ ಲೆಕ್ಕಕ್ಕೆ ತಗೊಂಡಿಲ್ಲ ಪಾಪ.

ಬಿಸಿಲಾದ್ಮೇಲೆ ನೀರು. ಬೆಂಗಳೂರಲ್ಲಿ ಸಂಜೆ ಐದಕ್ಕೆ ಮೋಡ ಕಟ್ಟಿ ಐದೂಕಾಲಿಗೆ ಹೊಡೆಯೋ ಮಳೆ ಇದ್ಯಲ್ಲ, ಆ ಟೈಮಲ್ಲಿ ತರಕಾರಿ ಗಾಡಿ ಮುಂದೆ ನಿಂತು ಯುಪಿಐ ಮಾಡಿ ನೋಡಿ. ಒಂದು ಕೈಲಿ ಕೊಡೆ, ಬೆರಳು ಒದ್ದೆ, ಗಾಡಿಗೆ ಕಟ್ಟಿರೋ ಕ್ಯೂಆರ್ ಕೋಡಿನ ಮೇಲೆ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ನೀರಿನ ಹನಿ, ಹನಿ ಮೇಲೆ ಬಲ್ಬಿನ ಹೊಳಪು. ಗಾಡಿ ಅಮ್ಮ "ಬಂತಾ ಸಾರ್, ಬಂತಾ" ಅಂತ ಕೇಳ್ತಿರ್ತಾರೆ, ಹಿಂದೆ ಇನ್ನಿಬ್ಬರು ಕೊತ್ತಂಬರಿ ಕಟ್ಟು ಹಿಡ್ಕೊಂಡು ಕಾಯ್ತಿರ್ತಾರೆ. ಫಿಂಗರ್‌ಪ್ರಿಂಟ್ ಒದ್ದೆ ಬೆರಳಿಗೆ ಓಪನ್ ಆಯ್ತಾ, ಕ್ಯಾಮೆರಾ ಎಷ್ಟು ಬೇಗ ಫೋಕಸ್ ಮಾಡ್ತು, ಪಿನ್ ಹೊಡೀವಾಗ ನೀರಿನ ಹನಿಯನ್ನೇ ಬೆರಳು ಅಂದ್ಕೊಂಡು ಬೇರೆ ಅಂಕಿ ಒತ್ತಿಕೊಳ್ತಾ ಅಂತ ನೋಡಿ. ನನ್ನ ಲೆಕ್ಕದಲ್ಲಿ ಬೆಂಗಳೂರಿನ ಫೋನಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದಿಲ್ಲ. ನೀರು, ಧೂಳು ಎಷ್ಟು ತಡೆಯುತ್ತೆ ಅಂತ ಹೇಳೋ ಐಪಿ68 ಗುರುತು ಬರೆದಿದೆ ಅಂತ ಬಕೆಟ್ಟಲ್ಲಿ ಮಾತ್ರ ಮುಳುಗಿಸಬೇಡಿ. ಐಪಿ67 ಅಂದ್ರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ, 68ರಲ್ಲಿ ಆಳ ಎಷ್ಟು ಅನ್ನೋದನ್ನ ಕಂಪನಿಯೇ ಹೇಳುತ್ತೆ, ಅದೂ ಲ್ಯಾಬಿನ ಸಿಹಿನೀರಲ್ಲಿ, ಸೋಪಿನ ನೀರಿಗೆ ಆ ಲೆಕ್ಕ ಅನ್ವಯಿಸಲ್ಲ. ಮೇಲಾಗಿ ನೀರು ಹೋಗಿ ಕೆಟ್ಟಿದ್ದಕ್ಕೆ ಸಾಮಾನ್ಯವಾಗಿ ವಾರಂಟಿ ಕೊಡಲ್ಲ.

ಕನ್ನಡದ ವಿಷಯಕ್ಕೆ ಬರ್ತೀನಿ, ಇದನ್ನ ಇಂಗ್ಲಿಷ್ ರಿವ್ಯೂ ಮಾಡೋರು ಯಾರೂ ಮುಟ್ಟಲ್ಲ, ಅದಕ್ಕೇ ನಾವು ಮಾಡ್ಬೇಕು. ಸೆಟ್ಟಿಂಗ್ಸಿಗೆ ಹೋಗಿ ಇಡೀ ಫೋನನ್ನ ಕನ್ನಡಕ್ಕೆ ಹಾಕಿ, ಅಕ್ಷರದ ಸೈಜ್ ದೊಡ್ಡದು ಮಾಡಿ, ವಯಸ್ಸಾದವರು ಹೆಂಗೂ ಹಂಗೇ ಇಟ್ಕೊಳ್ಳೋದು. ನಮ್ಮ ಪದಗಳು ಉದ್ದ, ಬಟನ್ ಒಳಗೆ ಅರ್ಧಂಬರ್ಧ ಕಾಣಿಸ್ತಿದ್ಯಾ ನೋಡಿ. ಆಮೇಲೆ ಇನ್ನೊಂದು ಫೋನಿಂದ "ರಾಷ್ಟ್ರ", "ಸ್ತ್ರೀ", "ಸ್ವಾತಂತ್ರ್ಯ" ಅಂತ ಒಂದು ಮೆಸೇಜ್ ಕಳಿಸಿ, ನೋಟಿಫಿಕೇಶನ್ ಪಟ್ಟಿಯಲ್ಲಿ ಹೆಂಗೆ ಕಾಣುತ್ತೆ ನೋಡಿ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಸಾಲು ಕತ್ತರಿಸಿಟ್ಟಿರೋ ಫೋನಲ್ಲಿ ಕೆಳಗಿನ ಒತ್ತಕ್ಷರ ಚಕ್ ಅಂತ ಕಟ್ ಆಗಿರುತ್ತೆ, "ರಾಷ್ಟ್ರ" ಹೋಗಿ "ರಾಷ" ಉಳಿದಿರುತ್ತೆ. "ರ‍್ಯಾಂಕ್" ಅಂತ ಟೈಪ್ ಮಾಡೋದೂ ಒಂದು ಒಳ್ಳೇ ಟೆಸ್ಟು. ಯೂನಿಕೋಡಲ್ಲಿ ರ ಆದ್ಮೇಲೆ ಹಲಂತು, ಯ ಹೊಡೆದ್ರೆ ಅದು ತಾನಾಗೇ ಅರ್ಕಾವತ್ತು ಆಗಿ "ರ್ಯಾಂಕ್" ಅಂತ ಬರುತ್ತೆ, ರ ನಿಂತು ಯ ಒತ್ತಾಗ್ಬೇಕು ಅಂದ್ರೆ ಮಧ್ಯೆ ಕಣ್ಣಿಗೆ ಕಾಣದ ಇನ್ನೊಂದು ಅಕ್ಷರ ಸೇರಬೇಕು, ಅದನ್ನ ಕೀಬೋರ್ಡ್ ಸೇರಿಸುತ್ತಾ, ಫಾಂಟ್ ಸರಿಯಾಗಿ ತೋರಿಸುತ್ತಾ ಅಂತ ಒಂದೇ ಪದದಲ್ಲಿ ತಿಳಿದುಬಿಡುತ್ತೆ. ಕಾಂಟ್ಯಾಕ್ಟಲ್ಲಿ "ಅಮ್ಮ" ಅಂತ ಕನ್ನಡದಲ್ಲಿ ಸೇವ್ ಮಾಡಿ ಡಯಲರಲ್ಲಿ ಹುಡುಕಿ, ಸಿಗುತ್ತೋ ಇಲ್ವೋ. ವಾಯ್ಸ್ ಟೈಪಿಂಗಿಗೆ ಗ್ರಾಂಥಿಕ ಕನ್ನಡ ಮಾತಾಡಿ ಏನೂ ಪ್ರಯೋಜನ ಇಲ್ಲ, "ಬರ್ತಾ ಅರ್ಧ ಲೀಟರ್ ಹಾಲು ತಗೊಂಬಾ, ಲೇಟ್ ಮಾಡ್ಬೇಡ" ಅಂತ ಮನೇಲಿ ಹೇಳೋ ಥರ ಹೇಳಿ, ಕುಕ್ಕರ್ ಕೂಗ್ತಿರ್ವಾಗ ಹೇಳಿದ್ರೆ ಇನ್ನೂ ವಾಸಿ.

ನೆಟ್‌ವರ್ಕ್ ಬಗ್ಗೆ ಬರೆಯೋವಾಗ ಜನ ಮಾಡೋ ತಪ್ಪು ಒಂದೇ, ಈ ಫೋನಲ್ಲಿ ಒಂದು ಸಿಮ್ಮು, ಆ ಫೋನಲ್ಲಿ ಇನ್ನೊಂದು ಸಿಮ್ಮು ಹಾಕಿ ಹೋಲಿಸೋದು. ಸಿಮ್ ಒಂದೇ ಇರ್ಬೇಕು, ಜಾಗ ಒಂದೇ ಇರ್ಬೇಕು, ಹೆಚ್ಚುಕಮ್ಮಿ ಟೈಮೂ ಒಂದೇ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗು, ಲಿಫ್ಟು, ಆಮೇಲೆ ನೇರಳೆ ಲೈನ್ ಮೆಟ್ರೋದಲ್ಲಿ ಎಂ.ಜಿ. ರೋಡಿಂದ ಮೆಜೆಸ್ಟಿಕ್ ಕಡೆ ಹೋಗಿ, ಮೇಲಿದ್ದ ಟ್ರೈನು ಕಬ್ಬನ್ ಪಾರ್ಕ್ ಹತ್ರ ನೆಲದೊಳಗೆ ಇಳಿಯುತ್ತೆ, ಅಲ್ಲಿ ಕಾಲ್ ನಡೀತಿರ್ಲಿ, ಕಟ್ ಆಯ್ತಾ, ಮತ್ತೆ ಸಿಗ್ನಲ್ ಹಿಡಿಯೋಕೆ ಎಷ್ಟು ಹೊತ್ತು ತಗೊಳ್ತು ಬರ್ಕೊಳ್ಳಿ. ಭಾರತದಲ್ಲಿ 5ಜಿ ಶುರುವಾಗಿದ್ದು 2022ರ ಅಕ್ಟೋಬರಲ್ಲಿ, ಮುಖ್ಯವಾಗಿ ಓಡೋದು ಎನ್78 ಅನ್ನೋ ಬ್ಯಾಂಡಲ್ಲಿ, ಅಂದ್ರೆ ಸಿಗ್ನಲ್ಲಿಗೆ ಅಂತ ಇರೋ ಒಂದು ತರಂಗದ ಪಟ್ಟಿಯಲ್ಲಿ, ಜಿಯೋದವರು ಜೊತೆಗೆ 700 ಮೆಗಾಹರ್ಟ್ಸಿನ ಎನ್28 ಕೂಡ ಬಳಸ್ತಾರೆ, ಗೋಡೆ ದಾಟಿ ಒಳಗೆ ಬರೋದ್ರಲ್ಲಿ ಅದರ ಕೈ ಮೇಲು. ಭಾವ ಅಮೆರಿಕದಿಂದ ತಂದುಕೊಟ್ಟ ಫೋನಾದ್ರೆ ಈ ಎರಡೂ ಇದ್ಯಾ ಅಂತ ಮಾಡೆಲ್ ನಂಬರ್ ಹಾಕಿ ನೋಡ್ಕೊಳ್ಳಿ.

ಬ್ಯಾಟರಿ ಬಗ್ಗೆ ಮೊದಲ ಮೂರು ದಿನ ಬಾಯಿ ಬಿಡಬೇಡಿ. ಹೊಸ ಫೋನ್ ಒಳಗೊಳಗೇ ಆ್ಯಪ್ ಅಪ್‌ಡೇಟು, ಫೋಟೋ ಜೋಡಿಸೋದು ಅಂತ ಕೆಲಸ ಮಾಡ್ತಾನೇ ಇರುತ್ತೆ, ಚಾರ್ಜು ಬೇಗ ಇಳಿಯೋದು ಸಹಜ. ನಾಲ್ಕನೇ ದಿನದಿಂದ ಬೆಳಗ್ಗೆ ಆರಕ್ಕೆ ನೂರು ಇಟ್ಕೊಂಡು ಹೊರಟು, ಆಫೀಸ್ ತಲುಪಿದಾಗ ಎಷ್ಟು, ಊಟಕ್ಕೆ ಎಷ್ಟು, ಮನೆ ಸೇರಿದಾಗ ಎಷ್ಟು ಅಂತ ಬರ್ಕೊಳ್ಳಿ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡ ದಿನದ್ದೂ ಲೆಕ್ಕಕ್ಕೆ ಇರ್ಲಿ, ಅದೂ ಬದುಕೇ ತಾನೆ. ರಾತ್ರಿ ಮಲಗೋವಾಗ ಎಷ್ಟಿತ್ತು, ಎದ್ದಾಗ ಎಷ್ಟಿತ್ತು ನೋಡಿ, ಸುಮ್ನೆ ಬಿದ್ದಿದ್ದಕ್ಕೇ ಹತ್ತು ಪರ್ಸೆಂಟ್ ಹೋಗಿದ್ರೆ ಏನೋ ಐಬಿದೆ. ಚಾರ್ಜರ್ ಮೇಲಿನ ವ್ಯಾಟ್ ನೋಡಿ ಹಿಗ್ಗಬೇಡಿ, ಅಷ್ಟು ವೇಗ ಶುರುವಲ್ಲಿ ಸ್ವಲ್ಪ ಹೊತ್ತು ಮಾತ್ರ. ಇಪ್ಪತ್ತರಿಂದ ಎಂಬತ್ತಕ್ಕೆ ಎಷ್ಟು ನಿಮಿಷ ಅಂತ ಗಡಿಯಾರ ಇಟ್ಟು ನೋಡಿ ಬರೀರಿ, ಓದೋರಿಗೆ ಬೇಕಾಗಿರೋದು ಅದು.

ಕ್ಯಾಮೆರಾ ಅಂದ್ರೆ ಎಲ್ಲರೂ ಲಾಲ್‌ಬಾಗಿಗೆ ಓಡ್ತಾರೆ. ಹಗಲು ಬೆಳಕಲ್ಲಿ ಲಾಲ್‌ಬಾಗ್ ಯಾವ ಫೋನಲ್ಲಿ ತೆಗೆದ್ರೂ ಚೆನ್ನಾಗೇ ಬರುತ್ತೆ, ಅದರಲ್ಲಿ ಫೋನಿನ ಹೆಚ್ಚುಗಾರಿಕೆ ಏನಿಲ್ಲ. ಬೆಳಗಿನ ಜಾವ ಐದಕ್ಕೆ ಕೆ.ಆರ್. ಮಾರ್ಕೆಟ್ಟಿನ ಹೂವಿನ ಸಾಲಿಗೆ ಹೋಗಿ. ಕನಕಾಂಬರದ ರಾಶಿ ಇರುತ್ತಲ್ಲ, ಅದರ ಕೇಸರಿ ಬಣ್ಣ ಹಿಡಿಯೋಕೆ ಫೋನುಗಳು ಒದ್ದಾಡ್ತವೆ, ಸುಮಾರು ಕ್ಯಾಮೆರಾದಲ್ಲಿ ಒಂದೊಂದು ಹೂವಿನ ಎಸಳೂ ಅಳಿಸಿಹೋಗಿ ಕೇಸರಿ ಪೇಂಟ್ ಚೆಲ್ಲಿದಂಗೆ ಬರುತ್ತೆ. ಹೂ ಕಟ್ಟೋರ ಬೆರಳು ನಿಲ್ಲೋದೇ ಇಲ್ಲ, ನೈಟ್ ಮೋಡ್ ಹಾಕಿದ್ರೆ ಬೆರಳೆಲ್ಲ ಹೊಗೆ ಹೊಗೆ. ಕೇಳಿ ತೆಗೀರಿ ಮತ್ತೆ, ವ್ಯಾಪಾರದ ಹೊತ್ತು ಅದು. ವಿಡಿಯೋದಲ್ಲಿ ಅಂಗಡಿ ಎಲ್‌ಇಡಿ ದೀಪದ ಕೆಳಗೆ ಪಟ್ಟೆಪಟ್ಟೆ ಓಡೋದು ಕಂಡ್ರೆ ಸೆಟ್ಟಿಂಗ್ಸಲ್ಲಿ ಆಂಟಿ ಫ್ಲಿಕರ್ 50 ಹರ್ಟ್ಸಿಗೆ ಇದ್ಯಾ ನೋಡಿ, ನಮ್ಮ ಕರೆಂಟು 50 ಹರ್ಟ್ಸು, 60 ಇರೋ ದೇಶದ ಲೆಕ್ಕದಲ್ಲಿ ಬಿಟ್ಟಿದ್ರೆ ಪಟ್ಟೆ ಬರುತ್ತೆ. 50 ಮೆಗಾಪಿಕ್ಸೆಲ್ ಅಂತ ಹೇಳ್ಕೊಳ್ಳೋ ಫೋನು ಮಾಮೂಲಿ ಫೋಟೋದಲ್ಲಿ ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡಿ ಹನ್ನೆರಡೂವರೆಯಷ್ಟೇ ಕೊಡೋದು, ಅದು ಮೋಸ ಅಲ್ಲ, ಕತ್ತಲಲ್ಲಿ ಅದ್ರಿಂದ ಲಾಭಾನೇ. ತೆಗೆದ ಫೋಟೋನ ಅದೇ ಫೋನಲ್ಲಿ ನೋಡಿ ತೀರ್ಪು ಕೊಡಬೇಡಿ, ಹೆತ್ತವರಿಗೆ ಹೆಗ್ಗಣ ಮುದ್ದು.

ಟ್ಯಾಬ್ಲೆಟ್ ಆದ್ರೆ ಕೆಲಸ ಕಮ್ಮಿ. ವಿಡಿಯೋ ಕಾಪಿ ಆಗದ ಹಾಗೆ ಕಾಯೋ ವೈಡ್‌ವೈನ್ ಅನ್ನೋ ವ್ಯವಸ್ಥೆಯ ಎಲ್1 ಮಟ್ಟ ಇದ್ಯಾ ಅಂತ ಡಿಆರ್‌ಎಂ ಇನ್ಫೋ ಥರದ ಆ್ಯಪ್ ಹಾಕಿ ನೋಡಿ, ಇಲ್ದಿದ್ರೆ ಸ್ಕ್ರೀನ್ ಎಷ್ಟೇ ಚೆನ್ನಾಗಿದ್ರೂ ನೆಟ್‌ಫ್ಲಿಕ್ಸ್ ಎಚ್‌ಡಿಯಲ್ಲಿ ಬರಲ್ಲ. ಪೆನ್ನಲ್ಲಿ ಬರೀವಾಗ ಅಂಗೈ ಊರಿದ್ರೆ ಗೀಚಿಕೊಳ್ಳುತ್ತಾ ನೋಡಿ. ಮಲ್ಕೊಂಡು ಎದೆ ಮೇಲೆ ಹಿಡ್ಕೊಂಡು ಅರ್ಧ ಗಂಟೆ ನೋಡಿ, ತೂಕ ಎಷ್ಟು ಅಂತ ಮೂಗಿನ ಮೇಲೆ ಬಿದ್ದಾಗ ಗೊತ್ತಾಗುತ್ತೆ.

ಈ ಸುತ್ತಾಟವೆಲ್ಲ ಸ್ವಂತ ದುಡ್ಡಿನ ಫೋನಾದ್ರೆ ರಿಪ್ಲೇಸ್‌ಮೆಂಟ್ ಅವಧಿಯೊಳಗೇ ಮುಗೀಬೇಕು, ಎಷ್ಟೋ ಕಡೆ ಅದು ಏಳೇ ದಿನ, ಆರ್ಡರ್ ಪೇಜಲ್ಲಿ ನೋಡ್ಕೊಳ್ಳಿ. ತೊಂದರೆ ಇದ್ದೂ ಅಂಗಡಿಯವರು ಆಟ ಆಡಿಸಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಡಬ್ಬ ಒಡೆದ ವಿಡಿಯೋ ಆವಾಗ ಕೈ ಹಿಡಿಯುತ್ತೆ.

ಬರೆಯೋವಾಗ ಎಷ್ಟು ದುಡ್ಡು ಕೊಟ್ರಿ, ಎಷ್ಟು ದಿನ ಬಳಸಿದ್ರಿ, ಯಾವ ಸಿಮ್ಮು, ಯಾವ ಏರಿಯಾ ಅನ್ನೋದನ್ನ ಮೊದಲೇ ಹಾಕಿಬಿಡಿ. ಕಂಪನಿಯವರು ಪುಕ್ಕಟೆ ಕೊಟ್ಟಿದ್ರೆ ಅದನ್ನ ಎಲ್ಲರಿಗೂ ಕಾಣೋ ಹಂಗೆ ಹೇಳ್ಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ, ಕೊನೇಲಿ ಚಿಕ್ಕ ಅಕ್ಷರದಲ್ಲಿ ತುರುಕೋದಲ್ಲ. ಹತ್ತಕ್ಕೆ ಎಂಟೂವರೆ ಅಂತ ಮಾರ್ಕ್ಸ್ ಕೊಡೋದು ನಂಗಿಷ್ಟ ಇಲ್ಲ, ಎಂಟೂವರೆ ತಗೊಂಡು ನಮ್ಮಪ್ಪ ಬಸ್ ಸ್ಟಾಪಲ್ಲಿ ಏನ್ ಮಾಡ್ಬೇಕು? ಇದು ಇಂಥೋರಿಗೆ ಆಗುತ್ತೆ, ಇಂಥೋರಿಗೆ ಆಗಲ್ಲ, ಅಂತ ಬರೆದ್ರೆ ಸಾಕು.

ಮೂರು ತಿಂಗಳಾದ್ಮೇಲೆ ಬರೆದಿದ್ದನ್ನ ತೆಗೆದು ಇನ್ನೊಂದ್ಸಲ ಓದಿ. ನಮ್ಮನೆಯವಳ ಫೋನಿಗೆ ನಾನೇ "ಸ್ಪೀಕರ್ ಭರ್ಜರಿ" ಅಂತ ಬರೆದಿದ್ದೆ. ದಿನಾ ಬೆಳಗ್ಗೆ ಅಕ್ಕಿರೊಟ್ಟಿ ತಟ್ಟೋವಾಗ ಹಾಡು ಕೇಳೋಕೆ ಪಕ್ಕದಲ್ಲೇ ಇಟ್ಕೋತಾಳೆ, ಅಕ್ಕಿ ಹಿಟ್ಟು ತೂತಲ್ಲಿ ಕೂತು ಕೂತು ಈಗ ದನಿ ಅರ್ಧಕ್ಕೆ ಇಳಿದಿದೆ. ಮೆತ್ತನೆ ಬ್ರಷ್ಷಲ್ಲಿ ಉಜ್ಜಿದ ಮೇಲೆ ಸ್ವಲ್ಪ ವಾಸಿ. ಹಳೇ ಸಾಲನ್ನ ಅಳಿಸಲಿಲ್ಲ, ಕೆಳಗೆ ತಾರೀಖು ಹಾಕಿ ಹಿಟ್ಟಿನ ವಿಷಯ ಸೇರಿಸಿದೆ.