ಎಂಬತ್ತು ಟನ್ನಿನ ಪ್ರೆಸ್‌ನಲ್ಲಿ ಗಂಡಭೇರುಂಡದ ಬೆಳ್ಳಿ ನಾಣ್ಯ: ನನ್ನ ಅನುಭವ

ಮೂವತ್ತೈದು ಮಿಲಿಮೀಟರ್ ಅಗಲ, ಇಪ್ಪತ್ತು ಗ್ರಾಂ ತೂಕದ ಶುದ್ಧ ಬೆಳ್ಳಿಯ ಬಿಲ್ಲೆಯ ಮೇಲೆ ಗಂಡಭೇರುಂಡದ ಎರಡೂ ಕೊಕ್ಕುಗಳು ಪೂರ್ತಿಯಾಗಿ ಮೂಡಬೇಕಾದರೆ ಇನ್ನೂರು ಟನ್ನಿನ ಪ್ರೆಸ್ ಬೇಕೇ ಬೇಕೆಂದು ಕಸುಬಿನ ಹಿರಿಯರು ಹೇಳಿದ್ದರು. ನನ್ನಲ್ಲಿರುವುದು ಎಂಬತ್ತು ಟನ್ನಿನ ಹಳೆಯ ಹೈಡ್ರಾಲಿಕ್ ಪ್ರೆಸ್. ಅದರಲ್ಲಿಯೇ ನೂರೈವತ್ತು ನಾಣ್ಯಗಳನ್ನು ಒತ್ತಿ ಕೊಟ್ಟಿದ್ದೇನೆ. ಅನುಮಾನಪಟ್ಟವರಲ್ಲಿ ಇಬ್ಬರು ಭೂತಗನ್ನಡಿ ಹಿಡಿದು, ಇದು ಎರಕದ್ದಲ್ಲವೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಒಪ್ಪಿದರು.

ಮೈಸೂರು ರಾಜ್ಯಕ್ಕೆ 1973ರ ನವೆಂಬರ್ 1ರಂದು ಕರ್ನಾಟಕವೆಂಬ ಹೆಸರು ಬಂದು ಐವತ್ತು ವರ್ಷವಾದ ನೆನಪಿಗೆ ಕನ್ನಡ ಸಂಘವೊಂದು ಈ ಕೆಲಸ ಕೊಟ್ಟಿತು. ಅವರಿಗೆ ರಾಜ್ಯದ ಲಾಂಛನವೇ ಇದ್ದಂತೆ ಬೇಕಿತ್ತು. ಆದರೆ ಲಾಂಛನಗಳ ಅನುಚಿತ ಬಳಕೆಯನ್ನು ತಡೆಯುವ 1950ರ ಕಾಯ್ದೆಯಿರುವಾಗ ಅನುಮತಿಯಿಲ್ಲದೆ ಅದನ್ನು ವ್ಯಾಪಾರಕ್ಕೆ ಅಚ್ಚು ಹಾಕುವಂತಿಲ್ಲ. ಆದ್ದರಿಂದ ನಾಲ್ಕು ಸಿಂಹಗಳನ್ನೂ ‘ಸತ್ಯಮೇವ ಜಯತೇ’ಯನ್ನೂ ಎರಡು ಬದಿಯ ಗಜಕೇಸರಿಗಳನ್ನೂ ಬಿಟ್ಟು, ವಿಜಯನಗರದ ಅಚ್ಯುತದೇವರಾಯನ ಚಿನ್ನದ ವರಹದಲ್ಲಿ ಕಾಣುವಂತೆ ಕೊಕ್ಕಿನಲ್ಲಿಯೂ ಉಗುರಿನಲ್ಲಿಯೂ ಆನೆಗಳನ್ನು ಹಿಡಿದ ಹಕ್ಕಿಯನ್ನು ಆರಿಸಿಕೊಂಡೆ. ಮೂರೂವರೆ ಗ್ರಾಮಿಗೂ ಕಡಿಮೆ ತೂಕದ ಆ ವರಹದಲ್ಲಿ ಅಷ್ಟನ್ನೂ ಕೈಯಿಂದ ಕೊರೆದವನಿಗಿಂತ ನನಗೆ ಜಾಗ ಧಾರಾಳವಾಗಿತ್ತು. ಮುಖಬೆಲೆಯನ್ನಂತೂ ಹಾಕಲೇಬಾರದು, ಹಣವಾಗಿ ನಡೆಯುವ ನಾಣ್ಯ ಸರ್ಕಾರದ ಟಂಕಸಾಲೆಗೆ ಮಾತ್ರ ಸೇರಿದ್ದು.

ಮೊದಲ ಜೋಡಿ ಅಚ್ಚು ಓಎಚ್‌ಎನ್‌ಎಸ್ ಉಕ್ಕಿನದು, ಅಂದರೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿಗೊಳಿಸುವ ಉಕ್ಕು. ಕೊರೆಯುವ ಕೆಲಸವನ್ನು ವಿದ್ಯುತ್ ಕಿಡಿಯಿಂದ ಉಕ್ಕನ್ನು ಕೊರೆಯುವ ಹೊರಗಿನ ಸ್ಪಾರ್ಕ್ ಯಂತ್ರದವರಿಗೆ ಕೊಟ್ಟಿದ್ದೆ. ಸ್ಪಾರ್ಕ್ ತಗುಲಿದ ಮೈಯಲ್ಲಿ ಕರಗಿ ಮತ್ತೆ ಗಟ್ಟಿಯಾದ ಪೆಡಸು ಪದರವೊಂದು ಉಳಿಯುತ್ತದೆ. ಅದನ್ನು ತೆಗೆದು ಕೊಡುತ್ತೇವೆಂದಿದ್ದವರು ತೆಗೆಯದೆಯೇ ಒಪ್ಪ ಹಾಕಿ ಕಳುಹಿಸಿದ್ದರು. ಇಪ್ಪತ್ತು ಇಪ್ಪತ್ತೈದು ಒತ್ತುಗಳಾಗುವಷ್ಟರಲ್ಲಿ ಎಡಗೊಕ್ಕಿನ ತುದಿಯಿಂದ ಹೊರಟ ಬಿರುಕು ಅಂಚಿನವರೆಗೂ ಓಡಿತು. ಹದಿನಾಲ್ಕು ಸಾವಿರದ ಹತ್ತಿರ ಅಲ್ಲಿಗೆ ಹೋಯಿತು. ಎರಡನೆಯ ಅಚ್ಚಿಗೆ ಆ ಪದರವನ್ನು ನಾನೇ ಕಲ್ಲಿನಿಂದ ಉಜ್ಜಿ ತೆಗೆದೆ, ಕೊಕ್ಕಿನ ಬುಡದ ಚೂಪು ಮೂಲೆಗಳನ್ನು ಕೂದಲೆಳೆಯಷ್ಟು ದುಂಡಗೆ ಮಾಡಿದೆ, ಕಾಯಿಸಿ ಹಿಗ್ಗಿಸಿದ ಉಕ್ಕಿನ ಬಳೆಯನ್ನು ಸುತ್ತ ಬಿಗಿದೆ. ಅದೇ ಅಚ್ಚು ಇಂದಿಗೂ ಕಪಾಟಿನಲ್ಲಿ ಸರಿಯಾಗಿದೆ.

ಹಕ್ಕಿಯ ಎದೆ ಮೂಡದಿರುವುದಕ್ಕೆ ಟನ್ ಕಡಿಮೆಯಾದದ್ದೇ ಕಾರಣವೆಂದು ಎಲ್ಲರೂ ಹೇಳುತ್ತಿದ್ದರು. ನಿಜವಾದ ತೊಂದರೆ ಹಿಂಬದಿಯಲ್ಲಿತ್ತು. ಎದೆಯ ನೇರ ಹಿಂದೆ ‘50’ ಎಂಬ ದಪ್ಪ ಅಂಕಿಯನ್ನು ಹಾಕಿದ್ದರಿಂದ ಎರಡೂ ಬದಿ ಒಂದೇ ಜಾಗದ ಬೆಳ್ಳಿಗಾಗಿ ಜಗ್ಗಾಡುತ್ತಿದ್ದವು. ಅಂಕಿಯನ್ನೂ ಬರಹವನ್ನೂ ಅಂಚಿಗೆ ಸರಿಸಿ ನಡುವನ್ನು ಬಯಲು ಬಿಟ್ಟು, ಎದೆಯ ಎತ್ತರವನ್ನು ಅರ್ಧ ಮಿಲಿಮೀಟರಿನಿಂದ ಸುಮಾರು 0.35ಕ್ಕೆ ಇಳಿಸಿದಾಗ ಅರ್ಧ ಸಮಸ್ಯೆ ಅಲ್ಲಿಯೇ ಕಳೆಯಿತು. ಅಚ್ಚಿನ ಮೈಗೆ ಅತ್ಯಲ್ಪ ಉಬ್ಬನ್ನೂ ಕೊಟ್ಟಿದ್ದೇನೆ. ಎಷ್ಟೆಂಬುದನ್ನು ಇಲ್ಲಿ ಬರೆಯುವುದಿಲ್ಲ.

ಉಳಿದ ಅರ್ಧ ಸಮಸ್ಯೆ ಕಳೆದದ್ದು ಒಂದೇ ಬಿಲ್ಲೆಯನ್ನು ಮೂರು ಬಾರಿ ಒತ್ತಿದ್ದರಿಂದ. ಒಮ್ಮೆ ಒತ್ತಿದ ಬೆಳ್ಳಿ ಬಿರುಸಾಗುತ್ತದೆ, ಮತ್ತೆ ಅಷ್ಟೇ ಭಾರ ಹಾಕಿದರೆ ಜಗ್ಗುವುದಿಲ್ಲ. ಪ್ರತಿ ಒತ್ತಿನ ನಡುವೆ ಕಾಯಿಸಿ ಮೆದುಗೊಳಿಸಿದರೆ ಎಂಬತ್ತು ಟನ್ನೇ ಸಾಕಾಗುತ್ತದೆ. ಆದರೆ ಮೊದಲ ಕಂತಿನಲ್ಲಿ ಕಾವು ಹೆಚ್ಚಾಗಿ ಬೆಳ್ಳಿಯ ಹರಳುಗಳು ದೊಡ್ಡದಾದವು; ಬಯಲು ಭಾಗವೆಲ್ಲ ಕಿತ್ತಳೆ ಸಿಪ್ಪೆಯಂತಾಗಿ, ಎಂಟೊಂಬತ್ತು ಬಿಲ್ಲೆಗಳು ಮೂಸೆಗೆ ಮರಳಿದವು. ಈಗ ಕತ್ತಲ ಮೂಲೆಯಲ್ಲಿ ಕಣ್ಣಿಗೆ ನಸುಗೆಂಪು ಕಂಡೂ ಕಾಣದಂತಿರುವಾಗಲೇ ಉರಿ ತೆಗೆಯುತ್ತೇನೆ. ಕಾಯಿಸಿದ ಬಿಲ್ಲೆಯನ್ನು ಮತ್ತೆ ಅಚ್ಚಿನಲ್ಲಿ ಮೊದಲಿನ ಜಾಗದಲ್ಲಿಯೇ ಕೂರಿಸುವುದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಕೂದಲೆಳೆ ಸರಿದರೂ ಗರಿಗಳೆಲ್ಲ ಜೋಡಿ ಜೋಡಿಯಾಗಿ ಕಾಣುತ್ತವೆ. ಆನೆಯ ಕಾಲುಗಳನ್ನು ಗುರುತಾಗಿಟ್ಟುಕೊಂಡು ನಾನೊಂದು ಉಪಾಯ ಮಾಡಿದ್ದೇನೆ. ಅದು ನನ್ನ ಅನ್ನದ ದಾರಿ, ಕ್ಷಮಿಸಬೇಕು.

ನಡುವೆ 925 ಬೆಳ್ಳಿಯನ್ನೂ, ಅಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ, ಉಳಿದದ್ದು ತಾಮ್ರವಿರುವ ಮಿಶ್ರಲೋಹವನ್ನೂ ಪ್ರಯತ್ನಿಸಿದೆ. ಗಟ್ಟಿತನ ಸಿಕ್ಕಿತು, ಆದರೆ ಮೂರು ಬಾರಿ ಕಾಯಿಸುವಷ್ಟರಲ್ಲಿ ಅದರೊಳಗಿನ ತಾಮ್ರ ಬೂದುಗಪ್ಪಾಗಿ ಮೈಯೊಳಕ್ಕೆ ಇಳಿಯಿತು. ಆಸಿಡ್‌ನಲ್ಲಿ ಅದ್ದಿದರೂ ಹೋಗಲಿಲ್ಲ. ಗಂಧಕದ ದ್ರಾವಣದಲ್ಲಿ ಕಪ್ಪಾಗಿಸಿ ಮೇಲ್ಮೈಯನ್ನಷ್ಟೇ ಒಪ್ಪ ಹಾಕಿದ ನಾಲ್ಕೈದು ಮಾತ್ರ ಬಹಳ ಚೆನ್ನಾಗಿ ಬಂದವು, ಗರಿಗಳ ಸಂದು ಒಂದೊಂದೂ ಎಣಿಸುವಂತೆ ಕಂಡಿತು. ಸಂಘದವರಿಗೆ ಹೊಳಪೇ ಬೇಕಾಗಿತ್ತು, ಹಾಗಾಗಿ ಅವು ನನ್ನಲ್ಲಿಯೇ ಉಳಿದಿವೆ.

ಇನ್ನು ಹಣದ ಮಾತು. ನಾಣ್ಯಗಳಿಗೆ ಮೂರು ಕೆಜಿ ಸಾಕಾದರೂ ತಗಡಿನಿಂದ ಬಿಲ್ಲೆ ಕತ್ತರಿಸುವಾಗ ಮೂರರಲ್ಲಿ ಒಂದು ಭಾಗದಷ್ಟು ಚೂರಾಗುವುದರಿಂದ ನಾಲ್ಕೂವರೆ ಕೆಜಿ ಕೊಳ್ಳಬೇಕಾಯಿತು. ಚೂರು ಕರಗಿಸಿದರೆ ಮರಳುತ್ತದೆ, ಕೆಜಿಗೆ ನಾಲ್ಕೈದು ಗ್ರಾಂ ಸವಕಳಿ ಬಿಟ್ಟರೆ. ಆದರೆ ಅಷ್ಟು ದಿನ ಲಕ್ಷದ ಮೇಲಿನ ದುಡ್ಡು ಕಟ್ಟಿಹಾಕಿದಂತೆ. ಅಚ್ಚು, ಗ್ಯಾಸ್, ಕೆಟ್ಟ ಬಿಲ್ಲೆಗಳ ಕೂಲಿ ಎಲ್ಲ ಕಳೆದು ನಾಣ್ಯಕ್ಕೆ ನೂರೈವತ್ತು ರೂಪಾಯಿಯ ಆಸುಪಾಸು ಉಳಿಯಿತು. ಅಚ್ಚಿನ ಖರ್ಚು ಈಗಾಗಲೇ ತೀರಿರುವುದರಿಂದ, ಹಿಂಬದಿಯನ್ನು ಮಾತ್ರ ಬದಲಿಸಿ ಎರಡನೆಯ ಆರ್ಡರ್ ಬಂದರೆ ಇದರ ದುಪ್ಪಟ್ಟು ಉಳಿಯಬೇಕು. ಬೆಳ್ಳಿಯ ದರವನ್ನು ಮುಂಗಡ ಪಡೆದ ದಿನವೇ ನಿಗದಿ ಮಾಡಿಕೊಳ್ಳುವವರಿಗೆ ಮಾತ್ರ ಈ ಲೆಕ್ಕ ಅನ್ವಯಿಸುತ್ತದೆ.