ಚುಕ್ಕಿ, ಗೆರೆ, ಆವರಣ: ಸಬ್‌ಟೈಟಲ್ ಬರೆದ ನನ್ನ ಅನುಭವ

ಚಿತ್ರೀಕರಿಸಿದ ಕನ್ನಡ ನಾಟಕವೊಂದಕ್ಕೆ, ಕಿವಿ ಕೇಳದ ಪ್ರೇಕ್ಷಕರಿಗಾಗಿ ಕನ್ನಡದಲ್ಲೇ ಸಬ್‌ಟೈಟಲ್ ಸಿದ್ಧಪಡಿಸುವ ಕೆಲಸ ಬಂದಾಗ, ಆಡಿದ ಮಾತನ್ನು ಕೇಳಿಸಿಕೊಂಡು ಬರೆದಿಟ್ಟರೆ ಸಾಕೆಂದು ನಾನು ಭಾವಿಸಿದ್ದೆ. ನಡುವಯಸ್ಸಿನಲ್ಲಿ ಶ್ರವಣಶಕ್ತಿ ಕಳೆದುಕೊಂಡ ಪರಿಚಿತರೊಬ್ಬರಿಗೆ ಮೊದಲ ಕರಡನ್ನು ತೋರಿಸಿದೆ. ಹತ್ತು ನಿಮಿಷ ನೋಡುವಷ್ಟರಲ್ಲಿ ಅವರು ಚಿತ್ರವನ್ನು ತಡೆದು, "ಮಗಳು ತಾನಾಗಿಯೇ ಮಾತು ನಿಲ್ಲಿಸಿದಳೋ, ಅಪ್ಪ ನಡುವೆ ಬಾಯಿ ಹಾಕಿದನೋ?" ಎಂದು ಕೇಳಿದರು. ಆ ಹೊತ್ತಿಗೆ ಕ್ಯಾಮೆರಾ ಅಜ್ಜಿಯ ಮುಖದ ಮೇಲಿತ್ತು. ನಾನು ಮೂರು ಚುಕ್ಕಿ ಇಟ್ಟು ಕೈತೊಳೆದುಕೊಂಡಿದ್ದೆ.

ಅಂದಿನಿಂದ "ಅಪ್ಪಾ, ನಾನು ಊರಿಗೆ ಹೋಗಬೇಕು ಅಂತ…" ಎಂದರೆ ದನಿ ತಾನೇ ಕುಗ್ಗಿತೆಂದೂ, "ಹೋಗಬೇಕು ಅಂತ—" ಎಂದರೆ ಇನ್ನೊಬ್ಬರು ತಡೆದರೆಂದೂ ಕಟ್ಟುನಿಟ್ಟಾಗಿ ಪಾಲಿಸತೊಡಗಿದೆ. ವಾಕ್ಯವೊಂದು ಮುಂದಿನ ಸಬ್‌ಟೈಟಲ್‌ಗೆ ಹರಿದುಹೋಗುವಾಗ ಯಾವ ಚಿಹ್ನೆಯನ್ನೂ ಇಡುವುದಿಲ್ಲ, ಏಕೆಂದರೆ ಅಲ್ಲಿ ನಿಂತದ್ದು ಪರದೆಯ ಸಾಲೇ ಹೊರತು ಮಾತಲ್ಲ. ಕತೆ ಕಾದಂಬರಿಗಳಲ್ಲಿ ಕಂಡಕಂಡಲ್ಲಿ ಚುಕ್ಕಿ ಉದುರಿಸುವ ನಮ್ಮ ಹಳೆಯ ಅಭ್ಯಾಸವನ್ನು ಬಿಡುವುದೇ ನನಗೆ ಕಷ್ಟವಾಯಿತು.

ಇಂಗ್ಲಿಷ್‌ನಲ್ಲಿ ಸದ್ದುಗಳಿಗೆ ದೊಡ್ಡಕ್ಷರವನ್ನೂ, ಪರದೆಯಾಚೆಯ ದನಿಗೆ ಓರೆ ಅಕ್ಷರವನ್ನೂ ಬಳಸುವುದುಂಟು. ಬಿಬಿಸಿಯಂಥ ಸಂಸ್ಥೆಗಳು ಮಾತಾಡುವವರನ್ನು ಬಿಳಿ, ಹಳದಿ, ತಿಳಿನೀಲಿ, ಹಸಿರು ಬಣ್ಣಗಳಿಂದ ಗುರುತಿಸುತ್ತವೆ. ಕನ್ನಡದಲ್ಲಿ ದೊಡ್ಡಕ್ಷರವೆಂಬುದೇ ಇಲ್ಲ. ಓರೆಯಾಗಿಸಿದ ಕನ್ನಡ ಅಕ್ಷರವಂತೂ, ಚಲಿಸುವ ಚಿತ್ರದ ಮೇಲೆ ಒತ್ತಕ್ಷರಗಳೆಲ್ಲ ಕಲಸಿಕೊಂಡು, ಓದುವವರನ್ನು ದಣಿಸುತ್ತದೆ. ಹೀಗಾಗಿ ಆ ಹೊರೆಯನ್ನೆಲ್ಲ ಚೌಕ ಆವರಣಕ್ಕೇ ಹೊರಿಸಿದೆ: [ಒಳಗಿನಿಂದ], [ಬಾಗಿಲು ಬಡಿದ ಸದ್ದು]. ಆವರಣದೊಳಗೆ ಪೂರ್ಣವಿರಾಮ ಬೇಡ. ಇಬ್ಬರ ಮಾತು ಒಟ್ಟಿಗೆ ಬಂದಾಗ ಪ್ರತಿ ಸಾಲಿನ ಮೊದಲಿಗೆ ಕಿರುಗೆರೆ ಇಡುತ್ತೇನೆ. ಪದದ ನಡುವಿನ ಗೆರೆ ಹಾಗೆ ಇನ್ನೊಬ್ಬರ ಮಾತಿನ ಗುರುತಾಗಿ ಕಾಣಬಾರದೆಂದೇ "ಅಪ್ಪ-ಅಮ್ಮ" ಎಂಬಂಥ ಜೋಡಿಪದವನ್ನು ಸಾಲಿನ ಅಂಚಿನಲ್ಲಿ ಮುರಿಯುವುದಿಲ್ಲ. ಹಾಡಿನ ಸಾಲುಗಳ ಎರಡೂ ತುದಿಗೆ ♪ ಹಾಕಿದರೆ ಮುಗಿಯಿತು.

ಪ್ರಶ್ನಾರ್ಥಕ ಚಿಹ್ನೆಯ ಬಗ್ಗೆ ನಾನು ಉದಾಸೀನನಾಗಿದ್ದೆ. "ಬಂದನೇ", "ಉಂಡೆಯಾ" ಎನ್ನುವಲ್ಲಿ ಪ್ರಶ್ನೆ ಪದದಲ್ಲೇ ಇರುತ್ತದೆ, ನಿಜ. ಆದರೆ ಆಡುಮಾತಿನ "ಊಟ ಆಯ್ತು?" ಎಂಬಲ್ಲಿ ಪ್ರಶ್ನೆಯಿರುವುದು ದನಿಯ ಏರಿನಲ್ಲಿ ಮಾತ್ರ, ಕಿವಿ ಕೇಳದವರಿಗೆ ಆ ಚಿಹ್ನೆಯೇ ದನಿ. ವ್ಯಂಗ್ಯದ್ದು ಇನ್ನೂ ತೊಡಕು. ಬ್ರಿಟನ್ನಿನ ರೂಢಿಯಂತೆ "ಒಳ್ಳೇ ಕೆಲಸ ಮಾಡಿದೆ ಕಣಪ್ಪ(!)" ಎಂದು ಆವರಣದಲ್ಲಿ ಉದ್ಗಾರ ಚಿಹ್ನೆ ಹಾಕಿ ನೋಡಿದೆ, ನಮ್ಮ ಪರಿಚಿತರು ಅದನ್ನು ಅಚ್ಚಿನ ತಪ್ಪೆಂದು ಗುರುತು ಮಾಡಿ ಕಳಿಸಿದರು. ಈಗ ಮಾತಿಗೆ ಮೊದಲು [ವ್ಯಂಗ್ಯವಾಗಿ] ಎಂದು ಬರೆಯುತ್ತೇನೆ. "ಘನಂದಾರಿ ಕೆಲಸ" ಎಂದಿದ್ದರೆ ಅದೂ ಬೇಡ, ಆ ಪದವೇ ಕುಟುಕುತ್ತದೆ.

ಸಾಲಿನ ಉದ್ದ ಅಳೆಯುವಾಗ ನನ್ನ ತಂತ್ರಾಂಶ ಕೊಟ್ಟ ಲೆಕ್ಕವನ್ನು ನಾನು ನಂಬಲಿಲ್ಲ. ಕಣ್ಣಿಗೆ ಒಂದೇ ಅಕ್ಷರವಾದ "ಸ್ತ್ರೀ" ಕಂಪ್ಯೂಟರಿನ ಅಕ್ಷರಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ 6 ಸಂಕೇತಗಳಾಗುತ್ತದೆ. ಹಾಗಾಗಿ ಪ್ರತಿ ಸಾಲನ್ನೂ ಪರದೆಯ ಮೇಲೆ ಇಟ್ಟು ನೋಡಿಯೇ ಮುರಿದೆ.

ಎರಡನೇ ಕರಡನ್ನು ಅವರು ಎಲ್ಲಿಯೂ ತಡೆಯದೆ ನೋಡಿದರು. ಕೊನೆಯ ದೃಶ್ಯದಲ್ಲಿ ನಾನು [ದುಃಖದ ಸಂಗೀತ] ಎಂದು ಬರೆದಿದ್ದೆ. "ದುಃಖ ಆಕೆಯ ಮುಖದಲ್ಲೇ ಕಾಣುತ್ತಿದೆ, ನುಡಿಯುತ್ತಿರುವ ವಾದ್ಯ ಯಾವುದು, ಅದನ್ನು ಹೇಳಿ" ಎಂದರು. ಅದನ್ನು ಅಳಿಸಿ [ದೂರದಲ್ಲಿ ಶಹನಾಯಿ] ಎಂದು ಬರೆದೆ.